ನಮ್ಮ ಹೊಗೆಯ ಲೆಕ್ಕ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಸಿಂಗಸಂದ್ರವು ಎರಡು ತಲೆಮಾರುಗಳ ಹಿಂದೆ ಕೆರೆ, ತೋಪು, ಹೊಲಗಳ ಹಳ್ಳಿಯಾಗಿದ್ದಿತು. ಅದರ ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ೧೯೭೦ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯು ತಲೆಯೆತ್ತಿದಂದಿನಿಂದ ಈ ಊರಿನ ರೂಪವು ಬದಲಾಗುತ್ತ ಬಂದು, ಈಗ ಹಳೆಯ ಹಳ್ಳಿಯ ಗುರುತನ್ನು ಹುಡುಕತಕ್ಕವರು ಕೆರೆಯ ಏರಿಗೇ ಹೋಗಬೇಕಾಗಿದೆ. ೨೦೧೦ರಲ್ಲಿ ಮೇಲುರಸ್ತೆಯು ಬಂದಿತು. ೨೦೨೫ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವು ತೆರೆದು, ಸಿಂಗಸಂದ್ರಕ್ಕೆ ತನ್ನದೇ ಹೆಸರಿನ ನಿಲ್ದಾಣವೂ ದೊರೆಯಿತು. ಆ ನಿಲ್ದಾಣದ ಎತ್ತರದಿಂದ ನೋಡಿದವರಿಗೆ ಕೆಳಗೆ ಲಾರಿಗಳ ಸಾಲು, ಸುತ್ತಲೂ ಬಹುಮಹಡಿಯ ವಸತಿಗಳು, ವಿದ್ಯುತ್ತು ನಿಂತ ಕ್ಷಣವೇ ಗುಡುಗತೊಡಗುವ ಡೀಸೆಲ್ ಜನರೇಟರುಗಳ ಕೊಳವೆಗಳು ಕಾಣಿಸುತ್ತವೆ. ಈ ಒಂದು ಊರು ವರ್ಷಕ್ಕೆ ಎಷ್ಟು ಇಂಗಾಲಾಮ್ಲ ವಾಯುವನ್ನು ಆಕಾಶಕ್ಕೆ ಬಿಡುತ್ತದೆ ಎಂದು ಯಾರಾದರೂ ಕೇಳಿದರೆ, ಒಂದೇ ಕಡತವನ್ನು ತೆರೆದು ಉತ್ತರ ಹೇಳಬಲ್ಲ ಮೇಜು ಯಾವ ಕಛೇರಿಯಲ್ಲಿಯೂ ಇಲ್ಲ. ಈ ದಿವಸ ನಾವು ವಾಚಕರ ಮುಂದೆ ಇಡುವುದು ಈ ಪ್ರಶ್ನೆಯನ್ನೇ.

ಇದನ್ನು ಪಂಡಿತರ ಗೋಷ್ಠಿಗೆ ಸೇರಿದ ವಿಷಯವೆಂದು ತಳ್ಳಿಹಾಕುವವರು ಉಂಟು. ಅವರಿಗೆ ನಾವು ದಾದಾಭಾಯಿ ನವರೋಜಿಯವರನ್ನು ಜ್ಞಾಪಿಸಬಯಸುತ್ತೇವೆ. ೧೮೭೬ರಲ್ಲಿ ಆ ಮಹನೀಯರು ಸರಕಾರದ ಕಾಗದಪತ್ರಗಳಿಂದಲೇ ಅಂಕೆಗಳನ್ನು ಹೆಕ್ಕಿ ಭಾರತೀಯನ ವಾರ್ಷಿಕ ವರಮಾನವು ತಲೆಗೆ ೨೦ ರೂಪಾಯಿಗಳೆಂದು ತೋರಿಸಿದರು. ಕೆಲವು ವರ್ಷಗಳ ತರುವಾಯ, ೧೮೮೨ರಲ್ಲಿ, ಅಧಿಕಾರಿಗಳು ತಾವೇ ಲೆಕ್ಕ ಹಾಕಿ ೨೭ ರೂಪಾಯಿಗಳೆಂದು ಹೇಳಬೇಕಾಯಿತು. ಅಲ್ಲಿಂದ ಮುಂದೆ ವಾದವು ಭಾರತವು ಬಡದೇಶವೇ ಎಂಬುದರ ಮೇಲೆ ನಡೆಯಲಿಲ್ಲ. ಎಷ್ಟು ಬಡದೇಶ, ಏತಕ್ಕೆ ಬಡದೇಶ ಎಂಬುದರ ಮೇಲೆ ನಡೆಯಿತು. ತನ್ನ ಲೆಕ್ಕವನ್ನು ತಾನೇ ಬರೆದ ಜನಾಂಗಕ್ಕೆ ದೊರೆಯುವ ಬಲವು ಇಂತಹುದು.

ಲೆಕ್ಕದ ಕ್ರಮವು ಕಷ್ಟದ್ದೇನೂ ಅಲ್ಲ. ಒಂದು ಲೀಟರು ಡೀಸೆಲು ಉರಿದರೆ ಸುಮಾರು ಎರಡು ಮುಕ್ಕಾಲು ಕಿಲೋಗ್ರಾಂ ಇಂಗಾಲಾಮ್ಲವು ಹುಟ್ಟುತ್ತದೆ. ಎಷ್ಟು ಲೀಟರು ಉರಿಯಿತೆಂದು ತಿಳಿದರೆ ಗುಣಾಕಾರ ಮಾಡಿದರಾಯಿತು. ಕಲ್ಲಿದ್ದಲಿಗೆ ಒಂದು ಗುಣಕ, ಸಿಮೆಂಟಿಗೆ ಒಂದು, ಗದ್ದೆಯ ನೀರಿಗೆ ಒಂದು, ಹಸುವಿನ ಮೆಲುಕಿಗೆ ಒಂದು, ಕೊಳೆಯುವ ಕಸಕ್ಕೆ ಒಂದು. ಹೀಗೆ ನಡೆದ ಕಾರ್ಯದ ಪ್ರಮಾಣವನ್ನು ತಕ್ಕ ಗುಣಕದಿಂದ ಗುಣಿಸಿ, ಕಾಡು ಹೀರಿದುದನ್ನು ಕಳೆದರೆ ದೇಶದ ಲೆಕ್ಕವು ಸಿದ್ಧವಾಗುತ್ತದೆ. ಕಷ್ಟವಿರುವುದು ಎರಡೇ ಕಡೆ: ಪ್ರಮಾಣವನ್ನು ಬಲ್ಲವರು ಅದನ್ನು ಕೊಡಬೇಕು, ಗುಣಕವು ನಮ್ಮ ನೆಲದಲ್ಲಿಯೇ ಅಳೆದದ್ದಾಗಿರಬೇಕು.

ಎರಡನೆಯದನ್ನು ಮೊದಲು ನೋಡೋಣ. ಏತಕ್ಕೆಂದರೆ ಅದರಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ಪಾಠವಾಗಿದೆ. ೧೯೯೦ರ ಸುಮಾರಿಗೆ ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆಯವರು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ೩ ಕೋಟಿ ೭೮ ಲಕ್ಷ ಟನ್ನು ಮೀಥೇನ್ ವಾಯುವು ಏಳುತ್ತದೆಂದು ಅಂದಾಜು ಮಾಡಿದ್ದರು. ಅವರು ಹಿಡಿದ ಗುಣಕವು ಅಮೆರಿಕೆ ಯೂರೋಪುಗಳ ಗದ್ದೆಗಳಲ್ಲಿ ಅಳೆದದ್ದು. ಅದನ್ನು ಭಾರತದ ಎಕರೆಗಳಿಂದ ಗುಣಿಸಿದ ಮಾತ್ರಕ್ಕೆ, ಗಂಜಿಯನ್ನು ಉಣ್ಣುವ ರೈತನು ಭೂಮಂಡಲವನ್ನೇ ಕಾಯಿಸುವ ಅಪರಾಧಿಯಂತೆ ತೋರತೊಡಗಿದನು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡಾಕ್ಟರ್ ಎ. ಪಿ. ಮಿತ್ರಾ ಅವರ ಮುಂದಾಳುತನದಲ್ಲಿ ನಮ್ಮ ವಿಜ್ಞಾನಿಗಳು ೧೯೯೧ರಲ್ಲಿ ದೇಶದ ನಾನಾ ಕಡೆಗಳ ಗದ್ದೆಗಳಿಗೆ ಇಳಿದರು. ಪೈರಿನ ಮೇಲೆ ಮುಚ್ಚಿದ ಪೆಟ್ಟಿಗೆಯನ್ನು ಕವಿಚಿ, ಒಳಗೆ ಸೇರಿದ ಗಾಳಿಯನ್ನು ಎಳೆದು, ಅದರಲ್ಲಿಯ ಮೀಥೇನನ್ನು ಅಳೆದರು. ಸಿದ್ಧವಾದ ಲೆಕ್ಕವು ೪೦ ಲಕ್ಷ ಟನ್ನಿನ ಆಸುಪಾಸಿನದು: ಅಮೆರಿಕೆಯವರು ಹೇಳಿದುದರ ಒಂಬತ್ತರಲ್ಲೊಂದು ಪಾಲು!

ಕಾರಣವು ನಮ್ಮ ಯಾವ ಬೇಸಾಯಗಾರನಿಗೂ ಹೊಸದಲ್ಲ. ನೀರು ನಿಂತ ಕೆಸರಿನಲ್ಲಿ ಗಾಳಿಯಾಡದಿದ್ದಾಗ ಮಾತ್ರ ಈ ವಾಯುವನ್ನು ಹುಟ್ಟಿಸುವ ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ. ಮಂಡ್ಯದ ನಾಲೆಯ ಕೆಳಗೆ ತಿಂಗಳುಗಟ್ಟಲೆ ನೀರು ನಿಲ್ಲುವ ಗದ್ದೆಯೂ, ಮಳೆಯನ್ನೇ ನಂಬಿ ನಡುನಡುವೆ ಒಣಗುವ ಗದ್ದೆಯೂ, ನೀರೇ ನಿಲ್ಲದ ಇಳಿಜಾರಿನ ಭತ್ತವೂ ಒಂದೇ ಅಲ್ಲ. ಪರದೇಶದ ಮೇಜಿನ ಮೇಲೆ ಇವೆಲ್ಲವೂ 'ಭತ್ತ' ಎಂಬ ಒಂದೇ ಕಾಲಮಿನಲ್ಲಿ ಬಿದ್ದವು. ಅದೇ ೧೯೯೧ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು, ಬಡವನ ಹೊಟ್ಟೆಪಾಡಿನ ಹೊಗೆಯನ್ನೂ ಸಿರಿವಂತನ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಪರದೇಶದ ಲೆಕ್ಕಗಳನ್ನು ಎತ್ತಿ ಆಡಿದುದು ಜಗತ್ತಿನಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆದರೆ ಮಿತ್ರಾ ಅವರ ಪೆಟ್ಟಿಗೆಗಳಿಲ್ಲದೆ ಹೋಗಿದ್ದರೆ ನಮ್ಮ ಪಕ್ಷದ ವಾದವು ಅರ್ಧ ಬಲವನ್ನು ಕಳೆದುಕೊಳ್ಳುತ್ತಿದ್ದಿತು.

ಇನ್ನು ಲೆಕ್ಕವನ್ನು ನಾವು ಎಷ್ಟು ಚುರುಕಾಗಿ ಒಪ್ಪಿಸಿದ್ದೇವೆಂಬುದನ್ನು ನೋಡಿದರೆ ಹೆಮ್ಮೆಯು ಸ್ವಲ್ಪ ತಗ್ಗುತ್ತದೆ. ೧೯೯೪ನೆಯ ವರ್ಷದ ಹೊಗೆಯ ಲೆಕ್ಕವನ್ನು ಭಾರತವು ವಿಶ್ವಸಂಸ್ಥೆಗೆ ಒಪ್ಪಿಸಿದ್ದು ೨೦೦೪ರಲ್ಲಿ. ೨೦೦೦ದ ಲೆಕ್ಕವನ್ನು ಒಪ್ಪಿಸಿದ್ದು ೨೦೧೨ರಲ್ಲಿ. ಹನ್ನೆರಡು ವರ್ಷದ ಹಿಂದಿನ ಜಮಾಖರ್ಚನ್ನು ತಂದ ಗುಮಾಸ್ತನನ್ನು ನಮ್ಮ ಚಿಕ್ಕಪೇಟೆಯ ಯಾವ ವರ್ತಕನು ಇಟ್ಟುಕೊಂಡಾನು? ನಡುವೆ, ೨೦೧೦ರ ಮೇ ತಿಂಗಳಲ್ಲಿ, ಚಿಕ್ಕಮಗಳೂರಿನಲ್ಲಿ ಜನಿಸಿದ ಶ್ರೀ ಜೈರಾಂ ರಮೇಶರು ಪರಿಸರ ಮಂತ್ರಿಗಳಾಗಿದ್ದಾಗ ೧೭ ಸಂಸ್ಥೆಗಳ ೮೦ಕ್ಕೂ ಹೆಚ್ಚು ವಿಜ್ಞಾನಿಗಳನ್ನು ಒಂದುಗೂಡಿಸಿ ೨೦೦೭ರ ಲೆಕ್ಕವನ್ನು ಹೊರಗೆಡವಿದುದು ಅಪವಾದ. ಆ ಕೆಲಸದಲ್ಲಿ ಕಾಡು ಮತ್ತು ನೆಲದ ಭಾಗವನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಹೊತ್ತುಕೊಂಡಿದ್ದರು. ತರುವಾಯ ಅಂತರವು ಕಡಿಮೆಯಾಗಿದೆಯೆಂಬುದನ್ನು ಒಪ್ಪಲೇಬೇಕು. ೨೦೧೦ರ ಲೆಕ್ಕವು ೨೦೧೬ರಲ್ಲಿ ಬಂದಿತು. ೨೦೨೦ರದು ೨೦೨೪ರ ಡಿಸೆಂಬರಿನಲ್ಲಿ. ಅದರಂತೆ ದೇಶದ ಒಟ್ಟು ಹೊಗೆಯು ೨೯೫.೯ ಕೋಟಿ ಟನ್ನು; ಕಾಡು ಮತ್ತು ನೆಲವು ಹೀರಿದ ೫೨ ಕೋಟಿ ಟನ್ನನ್ನು ಕಳೆದರೆ ಉಳಿಯುವುದು ೨೪೩.೭ ಕೋಟಿ. ಒಟ್ಟಿನಲ್ಲಿ ಮುಕ್ಕಾಲು ಪಾಲು ಇಂಧನ ಮತ್ತು ವಿದ್ಯುತ್ತಿನದು, ನೂರಕ್ಕೆ ಹದಿನಾಲ್ಕರಷ್ಟು ಬೇಸಾಯದ್ದು.

೨೦೨೦ ಎಂದರೆ ಕೊರೋನಾ ವರ್ಷವೆಂಬುದು ವಾಚಕರಿಗೆ ನೆನಪಿರಬಹುದು. ರೈಲು ನಿಂತು, ಕಾರಖಾನೆಗೆ ಬೀಗ ಬಿದ್ದು, ಹೊಸೂರು ರಸ್ತೆಯಲ್ಲಿ ಕೂಲಿಗಳು ಮೂಟೆ ಹೊತ್ತು ನಡೆದ ವರ್ಷ. ಹಿಂದಿನ ವರ್ಷಕ್ಕಿಂತ ಹೊಗೆಯು ನೂರಕ್ಕೆ ೭.೯೩ರಷ್ಟು ಇಳಿಯಿತೆಂದು ಆ ವರದಿಯು ಹೇಳುತ್ತದೆ. ಆ ಇಳಿತವು ಯಾರ ಜಾಣ್ಮೆಯಿಂದಲೂ ಆದುದಲ್ಲ. ಪ್ರತಿ ವರ್ಷದ ಲೆಕ್ಕವು ಆಯಾ ಮರುವರ್ಷವೇ ಕೈಗೆ ಬರುತ್ತಿದ್ದರೆ, ಯಾವ ಇಳಿತವು ಸಂಕಟದ್ದು, ಯಾವುದು ಸೌರಫಲಕದ್ದು, ಯಾವುದು ಮೆಟ್ರೋದ್ದು ಎಂದು ಬಿಡಿಸಿ ಹೇಳಬಹುದಾಗಿದ್ದಿತು. ತಡವಾದುದಕ್ಕೆ ಕಾರಣವೂ ಇದೆ. ಬಹುಕಾಲದವರೆಗೆ ಈ ಕೆಲಸವು ಜಾಗತಿಕ ಪರಿಸರ ನಿಧಿಯ ಹಣದಿಂದ, ವರದಿಗೊಂದು ಯೋಜನೆ ಎಂಬಂತೆ ನಡೆಯಿತು. ಯೋಜನೆ ಮುಗಿದೊಡನೆ ತರಬೇತಾದ ಹುಡುಗರು ಚದುರಿಹೋಗುವರು. ಮುಂದಿನ ವರದಿಗೆ ಮತ್ತೆ ಮೊದಲಿನಿಂದ ಓಂಕಾರ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಗೆ ೧೯೪೮ರ ಕಾನೂನೂ ಕಾಯಂ ಕಛೇರಿಯೂ ಇವೆ. ಎಂದೂ ನಿಲ್ಲದ ಹೊಗೆಗೆ ಅಂತಹ ಕಾನೂನು ಏಕಿರಬಾರದು?

ತಡವಾದ ಲೆಕ್ಕದ ದಂಡವನ್ನು ತೆರುವವರು ದೆಹಲಿಯ ಅಧಿಕಾರಿಗಳಲ್ಲ. ಪೀಣ್ಯ, ಬೊಮ್ಮಸಂದ್ರಗಳಲ್ಲಿ ಹತ್ತಿಪ್ಪತ್ತು ಆಳುಗಳನ್ನಿಟ್ಟುಕೊಂಡು ಉಕ್ಕಿನ ಬೋಲ್ಟು, ಸ್ಕ್ರೂಗಳನ್ನು ತಯಾರಿಸುವ ಸಣ್ಣ ಯಜಮಾನನು ತೆರುತ್ತಾನೆ. ಯೂರೋಪಿನ ಒಕ್ಕೂಟದವರು ತಮ್ಮ ಗಡಿಯೊಳಕ್ಕೆ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರಗಳಲ್ಲಿ ಅಡಗಿರುವ ಇಂಗಾಲದ ಮೇಲೆ ಸುಂಕ ಹಾಕುವ ಕ್ರಮವನ್ನು ೨೦೨೩ರ ಅಕ್ಟೋಬರಿನಲ್ಲಿ ಪರೀಕ್ಷಾರ್ಥವಾಗಿ ಆರಂಭಿಸಿ, ೨೦೨೬ರ ಜನವರಿಯಿಂದ ನಿಜವಾಗಿ ಜಾರಿಗೆ ತಂದಿದ್ದಾರೆ. ಬೋಲ್ಟು, ಸ್ಕ್ರೂಗಳೂ ಆ ಪಟ್ಟಿಯಲ್ಲಿವೆ. ತನ್ನ ಸರಕಿಗೆ ಎಷ್ಟು ಹೊಗೆ ತಗುಲಿತೆಂದು ಪರಿಶೋಧಿತ ಲೆಕ್ಕವನ್ನು ತೋರಿಸಲಾರದವನಿಗೆ ಅಲ್ಲಿಯವರೇ ಒಂದು ಅಂದಾಜಿನ ಅಂಕೆಯನ್ನು, ಅದಕ್ಕೊಂದು ಮೇಲ್ತೂಕವನ್ನೂ ಸೇರಿಸಿ, ಹಚ್ಚುತ್ತಾರೆ. ಮೂವತ್ತೈದು ವರ್ಷಗಳ ಹಿಂದೆ ಗದ್ದೆಗೆ ಬಂದ ಆಪತ್ತು ಈಗ ತಿರುಪುಮೊಳೆಗೆ ಬಂದಿದೆ. ಆಗ ಅಂದಾಜು ಮಾಡಿದವರಿಗೆ ನಮ್ಮ ಮಾನ ಮಾತ್ರ ಬೇಕಾಗಿದ್ದಿತು. ಈಗ ಹಣವೂ ಬೇಕಾಗಿದೆ.

ಈ ಸುಂಕವು ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ನೂರೈವತ್ತು ವರ್ಷ ಕಲ್ಲಿದ್ದಲು ಉರಿಸಿ ಸಿರಿವಂತರಾದವರು, ತಲೆಯೊಂದಕ್ಕೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ ಹೊಗೆ ಬಿಡುವ ದೇಶದ ಸರಕಿಗೆ ದಂಡ ಹಾಕುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಭಾರತ ಸರಕಾರವು ಅದನ್ನು ಪ್ರತಿಭಟಿಸಿದುದು ಸರಿಯಾಗಿಯೇ ಇದೆ. ಆದರೆ ಪ್ರತಿಭಟನೆ ನಡೆಯುವಷ್ಟು ಕಾಲ ಪೀಣ್ಯದ ಯಜಮಾನನ ಸರಕು ಬಂದರಿನಲ್ಲಿ ಕಾಯಲಾರದು. ದೊಡ್ಡ ಕಂಪನಿಗಳಿಗೆ ಈ ತೊಂದರೆಯಿಲ್ಲ. ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ೨೦೨೨-೨೩ರಿಂದ ದೇಶದ ಮೊದಲ ಸಾವಿರ ಕಂಪನಿಗಳಿಗೆ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯ ಮಾಡಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಮನೆಗಳು ಪ್ರತಿ ವರ್ಷವೂ ಅಚ್ಚುಕಟ್ಟಾದ ಪುಸ್ತಕಗಳನ್ನು ಹೊರತರುತ್ತವೆ. ಅವುಗಳಲ್ಲಿ ಇಡೀ ಕಂಪನಿಯ ಹೊಗೆ ಸಿಗುತ್ತದೆ. ಹೊಸೂರು ರಸ್ತೆಯ ಆವರಣದ ಹೊಗೆ ಎಷ್ಟೆಂದು ಬಿಡಿಸಿ ತೆಗೆಯುವುದು ಸುಲಭವಲ್ಲ. ಸಣ್ಣವನಿಗಂತೂ ಪುಸ್ತಕವೂ ಇಲ್ಲ, ಬರೆಯುವ ಗುಮಾಸ್ತನೂ ಇಲ್ಲ.

ಹಾಗಾದರೆ ಅಂಕೆಗಳು ಇಲ್ಲವೇ? ಇವೆ, ಬೇಕಾದಷ್ಟು ಇವೆ. ಸಿಂಗಸಂದ್ರದ ಪ್ರತಿ ಮನೆ, ಪ್ರತಿ ಅಂಗಡಿಯ ಯೂನಿಟ್ಟುಗಳನ್ನು ಬೆಸ್ಕಾಂ ತಿಂಗಳು ತಿಂಗಳೂ ಓದುತ್ತದೆ. ಯಾವ ಬಂಕಿಗೆ ಎಷ್ಟು ಡೀಸೆಲು ಇಳಿಯಿತೆಂದು ತೈಲ ಕಂಪನಿಗಳು ಬಲ್ಲವು. ಯಾವ ಕಾರಖಾನೆಯಲ್ಲಿ ಎಂತಹ ಬಾಯ್ಲರಿದೆ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರಗಳಲ್ಲಿದೆ. ಕಸದ ಲಾರಿಯ ತೂಕವು ಪಾಲಿಕೆಯ ಬಳಿ, ವಾಹನಗಳ ನೋಂದಣಿಯು ಸಾರಿಗೆ ಇಲಾಖೆಯ ಬಳಿ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಕೋಟಿಯನ್ನು ಮೀರಿರುವುದು ಎಲ್ಲರಿಗೂ ಗೊತ್ತು. ಅವುಗಳಲ್ಲಿ ದಿನಕ್ಕೆ ಎಷ್ಟು ಓಡುತ್ತವೆ, ಎಷ್ಟು ಮೈಲಿ ಓಡುತ್ತವೆ ಎಂಬುದೇ ಹೊಗೆಯ ಲೆಕ್ಕಕ್ಕೆ ಬೇಕಾದುದು. ಪ್ರತಿ ಇಲಾಖೆಯೂ ತನ್ನ ಪೆಟ್ಟಿಗೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಿದೆ. ಪೆಟ್ಟಿಗೆಗಳನ್ನೆಲ್ಲ ಒಂದು ಕೊಠಡಿಗೆ ತಂದಿಡುವ ಹೊಣೆಯು ಯಾರದೂ ಅಲ್ಲ.

ನಿಜವಾಗಿ ಅಳತೆಯೇ ಇಲ್ಲದ ಎಡೆಗಳೂ ಉಂಟು. ೨೦೦೮ರಿಂದ ನಮ್ಮ ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಪುಕ್ಕಟೆ. ಬಹುಪಾಲು ಪಂಪುಗಳಿಗೆ ಮೀಟರು ಇಲ್ಲದಿರುವುದರಿಂದ ಅವು ಉಣ್ಣುವ ವಿದ್ಯುತ್ತನ್ನು ಲೈನುಗಳ ಅಳತೆಯಿಂದ ಊಹಿಸಬೇಕಾಗಿದೆ. ಮೀಟರಿನ ಮಾತೆತ್ತಿದ ಮಂತ್ರಿಯು ಮುಂದಿನ ಚುನಾವಣೆಯ ಯೋಚನೆಯಲ್ಲಿ ಮಾತನ್ನು ನುಂಗಿಕೊಳ್ಳುವುದು ಎಲ್ಲ ಪಕ್ಷಗಳಲ್ಲಿಯೂ ಸಮಾನವಾದ ಗುಣ. ಅಳತೆಗೆ ಮೀಟರನ್ನು ಇಡುವುದು ಬೇರೆ, ದುಡ್ಡು ಕೇಳುವುದು ಬೇರೆ ಎಂದು ರೈತನಿಗೆ ಬಿಡಿಸಿ ಹೇಳುವ ಧೈರ್ಯವನ್ನು ಯಾರಾದರೂ ತೋರಿಸಬೇಕಾಗಿದೆ. ಕೊಳಚೆಯ ಲೆಕ್ಕವೂ ಹೀಗೆಯೇ. ೨೦೧೭ರ ಫೆಬ್ರವರಿಯಲ್ಲಿ, ಮತ್ತೆ ೨೦೧೮ರ ಜನವರಿಯಲ್ಲಿ, ಬೆಳ್ಳಂದೂರಿನ ಕೆರೆಗೆ ಬೆಂಕಿ ಹತ್ತಿ ಉರಿದುದನ್ನು ಜಗತ್ತೇ ನೋಡಿತು. ಅದಕ್ಕೆ ಬಂದು ಸೇರುವ ಕೊಳಚೆಯಿಂದ, ನಮ್ಮ ಕಸದ ಗುಡ್ಡಗಳಿಂದ ಏಳುವ ಮೀಥೇನ್ ಎಷ್ಟು? ಒಂದು ಟನ್ನು ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು ಇಪ್ಪತ್ತೆಂಟು ಟನ್ನು ಇಂಗಾಲಾಮ್ಲದಷ್ಟು ಕಾವನ್ನು ಹಿಡಿಯುತ್ತದೆ. ಇದು ಉಪೇಕ್ಷಿಸತಕ್ಕ ಬಾಬಲ್ಲ.

ವಿದ್ಯುತ್ತಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಿಂಗಸಂದ್ರದ ದೀಪಕ್ಕೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದರೆ, ಹೊಗೆಯು ರಾಯಚೂರಿನ ಲೆಕ್ಕಕ್ಕೆ, ಬೆಳಕು ಬೆಂಗಳೂರಿಗೆ. ಅಲ್ಲಿಯ ಬೂದಿಯನ್ನು ಉಸಿರಾಡುವವರಿಗೆ ಇದು ನ್ಯಾಯವೆನಿಸಲಾರದು. ಕೇಂದ್ರ ವಿದ್ಯುತ್ ಪ್ರಾಧಿಕಾರದವರು ೨೦೦೬ರಿಂದ ಪ್ರಕಟಿಸುತ್ತಿರುವ ಕೋಷ್ಟಕದ ಪ್ರಕಾರ ದೇಶದ ಒಂದು ಯೂನಿಟ್ಟಿಗೆ ತಗುಲುವ ಇಂಗಾಲಾಮ್ಲವು ಸರಾಸರಿ ೦.೭ ಕಿಲೋಗ್ರಾಮಿನಷ್ಟು. ಜೋಗದ ನೀರು, ಚಿತ್ರದುರ್ಗದ ಗಾಳಿ, ಪಾವಗಡದ ೨,೦೫೦ ಮೆಗಾವ್ಯಾಟ್ ಬಿಸಿಲು ಸೇರಿದ ಕರ್ನಾಟಕದ ಹಗಲಿನ ವಿದ್ಯುತ್ತಿಗೂ ಇದೇ ಅಂಕೆಯನ್ನು ಹಚ್ಚಿದರೆ, ನಾವು ಮಾಡದ ಹೊಗೆಯೂ ನಮ್ಮ ತಲೆಗೆ ಬರುತ್ತದೆ. ರಾತ್ರಿಯ ಹೊಗೆಯು ಹಗಲಿನ ಪುಣ್ಯದಲ್ಲಿ ಮುಚ್ಚಿಹೋಗುತ್ತದೆ. ರಾಜ್ಯಕ್ಕೆ ರಾಜ್ಯದ ಗುಣಕ, ಗಂಟೆಗೆ ಗಂಟೆಯ ಗುಣಕ ಬೇಕು.

ಅಂಕೆಗಳನ್ನು ಬಿಚ್ಚಿಟ್ಟರೆ ಪರದೇಶದವರು ಅವನ್ನೇ ಹಿಡಿದು ನಮ್ಮನ್ನು ಪೀಡಿಸುವರೆಂದು ಹೇಳುವ ಹಿರಿಯ ಅಧಿಕಾರಿಗಳಿದ್ದಾರೆ. ಅವರ ದೇಶಭಕ್ತಿಯಲ್ಲಿ ನಮಗೆ ಸಂಶಯವಿಲ್ಲ. ಆದರೆ ಅವರ ಮಾತನ್ನು ಒಪ್ಪಲಾರೆವು. ಮೇಲೆ ಹೇಳಿದ ಎರಡು ನಿದರ್ಶನಗಳಲ್ಲಿಯೂ ನಮಗೆ ಪೀಡೆಯಾದುದು ಅವರ ಅಂಕೆ. ನಮ್ಮ ಅಂಕೆಯು ಬಂದಲ್ಲಿ ಪೀಡೆ ತೊಲಗಿತು. ವ್ಯಾಪಾರದ ಗುಟ್ಟು ಹೊರಬೀಳುವುದೆಂಬ ಆಕ್ಷೇಪಕ್ಕೆ ಹುರುಳಿದೆ. ಒಬ್ಬೊಬ್ಬನ ಮೀಟರನ್ನು ಬೀದಿಗೆ ಇಡಬೇಕೆಂದು ನಾವು ಹೇಳುವುದಿಲ್ಲ. ವಾರ್ಡಿಗೊಂದು, ಕೈಗಾರಿಕಾ ಪ್ರದೇಶಕ್ಕೊಂದು ಮೊತ್ತ ಸಾಕು.

ಹಂಚಿಕೆಯ ವಿದ್ಯೆಯು ಕರ್ನಾಟಕಕ್ಕೆ ಹೊಸದೇ? ಭೂಮಿ ಯೋಜನೆಯು ೨೦೦೦ದ ಸುಮಾರಿಗೆ ಎರಡು ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಚೀಲದಿಂದ ಗಣಕಕ್ಕೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟ ಯಾವ ರೈತನಾದರೂ ತನ್ನ ಹೊಲದ ಹಾಳೆಯನ್ನು ಪಡೆಯುವಂತಾಯಿತು. ಮಳೆಯ ವಿಷಯವು ಇನ್ನೂ ಸೊಗಸಾಗಿದೆ. ೧೯೮೮ರಲ್ಲಿ ಬರ ಉಸ್ತುವಾರಿ ಘಟಕವೆಂದು ಹುಟ್ಟಿ, ಈಗ ಯಲಹಂಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕಿ ಮಳೆಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಸುದ್ದಿ ಕಳುಹಿಸುತ್ತವೆ. 'ವರುಣ ಮಿತ್ರ'ಕ್ಕೆ ಫೋನು ಮಾಡಿದ ರೈತನಿಗೆ ಹಗಲಿರುಳೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ೨೦೨೨ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯು ಮುಳುಗಿ, ಗಣಕ ಪಂಡಿತರು ಟ್ರ್ಯಾಕ್ಟರಿನಲ್ಲಿ ಕಛೇರಿಗೆ ಹೋದಾಗ, ಯಾವ ಬಡಾವಣೆಯಲ್ಲಿ ಎಷ್ಟು ಮಳೆ ಬಿದ್ದಿತೆಂದು ಹೇಳಲು ಅಂಕೆಗಳಿದ್ದವು. ಆ ಮಳೆಗೆ ಮೋರಿ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲದಿದ್ದುದು ಬೇರೆ ಮಾತು. ಬೀಳುವ ಮಳೆಯನ್ನು ಹೋಬಳಿ ಹೋಬಳಿಗೂ ಅಳೆದ ನಾಡು ಏಳುವ ಹೊಗೆಯನ್ನು ಅಳೆಯಲಾರದೆಂದು ನಾವು ನಂಬುವುದಿಲ್ಲ.

ಅಳೆಯಬಲ್ಲವರೂ ನಮ್ಮಲ್ಲಿಯೇ ಇದ್ದಾರೆ. ಬೆಂಗಳೂರಿನ ಸಿ-ಸ್ಟೆಪ್ ಸಂಸ್ಥೆಯವರು ಇತರ ಸಂಸ್ಥೆಗಳೊಡನೆ ಸೇರಿ ರಾಜ್ಯವಾರು ಅಂದಾಜುಗಳನ್ನು ಸಿದ್ಧಪಡಿಸಿ ಸಾರ್ವಜನಿಕರ ಮುಂದೆ ಇಟ್ಟಿದ್ದಾರೆ. ರಾಜ್ಯದ ಹವಾಮಾನ ಕ್ರಿಯಾ ಯೋಜನೆಯನ್ನು ಬರೆದ ಎಂಪ್ರಿ ಸಂಸ್ಥೆಯು ಸರಕಾರದ್ದೇ ಆಗಿದೆ. ಮಹಾನಗರ ಪಾಲಿಕೆಯು ೨೦೨೩ರ ನವೆಂಬರಿನಲ್ಲಿ ೨೦೫೦ರ ಹೊತ್ತಿಗೆ ಬೆಂಗಳೂರನ್ನು ಶೂನ್ಯ ಹೊಗೆಯ ನಗರವನ್ನಾಗಿ ಮಾಡುವ ಯೋಜನೆಯನ್ನು ಪ್ರಕಟಿಸಿತು. ಆ ಪಾಲಿಕೆಯೇ ೨೦೨೫ರ ಸೆಪ್ಟೆಂಬರಿನಲ್ಲಿ ಐದಾಗಿ ಒಡೆಯಿತು. ಕಡತಗಳೂ ಐದಾಗಿ ಒಡೆದು, ಪ್ರತಿಯೊಂದು ಪಾಲಿಕೆಯೂ ತನ್ನದೇ ಅಳತೆಗೋಲನ್ನು ಹುಡುಕುವಂತಾಗಬಾರದು. ಈ ಭಯವು ನಮಗೆ ಕಾರಣವಿಲ್ಲದೆ ಬಂದಿಲ್ಲ.

ಆದುದರಿಂದ ರಾಜ್ಯ ಸರಕಾರದವರಲ್ಲಿ ನಮ್ಮ ಅರಿಕೆಯು ಇಷ್ಟು. ಕೇಂದ್ರದ ಕಾನೂನಿಗಾಗಿ ಕಾಯದೆ, ೨೦೦೮ರ ಅಂಕಿಅಂಶ ಸಂಗ್ರಹಣ ಅಧಿನಿಯಮದ ಆಧಾರದಿಂದ, ವಿದ್ಯುತ್ತು, ತೈಲ, ಕಸ, ಕೊಳಚೆ, ಬಾಯ್ಲರುಗಳ ಅಂಕೆಗಳನ್ನು ವರ್ಷಕ್ಕೊಮ್ಮೆ ಗೊತ್ತಾದ ದಿವಸದೊಳಗೆ ಎಂಪ್ರಿಗೆ ಒಪ್ಪಿಸತಕ್ಕದ್ದೆಂದು ಅಪ್ಪಣೆ ಮಾಡಲಿ. ಅಲ್ಲಿ ಕಾಯಂ ಹುದ್ದೆಗಳನ್ನು ನಿರ್ಮಿಸಲಿ. ಗುತ್ತಿಗೆಯ ಹುಡುಗರಿಂದ ಈ ಕೆಲಸವು ನಿಲ್ಲಲಾರದು. ಪೀಣ್ಯ, ಬೊಮ್ಮಸಂದ್ರಗಳ ಕೈಗಾರಿಕಾ ಸಂಘಗಳಲ್ಲಿ ಒಬ್ಬೊಬ್ಬ ಲೆಕ್ಕಿಗನನ್ನು ಸರಕಾರದ ಖರ್ಚಿನಲ್ಲಿಯೇ ಕೂರಿಸಿ, ಸಣ್ಣ ಯಜಮಾನನು ತನ್ನ ವಿದ್ಯುತ್ತಿನ ಬಿಲ್ಲು, ಡೀಸೆಲಿನ ರಸೀತಿ, ಉಕ್ಕು ಕೊಂಡ ಇನ್‌ವಾಯ್ಸು ಈ ಮೂರನ್ನು ತಂದರೆ ಯೂರೋಪಿನವರು ಕೇಳುವ ನಮೂನೆಯನ್ನು ತುಂಬಿಸಿಕೊಡುವ ಏರ್ಪಾಡಾಗಲಿ. ಪ್ರಕಟವಾಗುವ ಹಾಳೆಯು ಕನ್ನಡದಲ್ಲಿಯೂ ಇರಲಿ. ಆರಂಭಕ್ಕೆ ಒಂದು ಊರು ಬೇಕಾದರೆ ಸಿಂಗಸಂದ್ರವನ್ನು ಆರಿಸಿಕೊಳ್ಳಬಹುದು. ಅಲ್ಲಿ ವಸತಿಯಿದೆ, ಹೆದ್ದಾರಿಯಿದೆ, ಕೆರೆಯಿದೆ, ಸಾಲದುದಕ್ಕೆ ಹೊಸ ರೈಲೂ ಇದೆ. ರೈಲು ಬರುವ ಮೊದಲಿನ ಮತ್ತು ನಂತರದ ಹೆದ್ದಾರಿಯ ಡೀಸೆಲನ್ನು ಹೋಲಿಸಿ ನೋಡುವ ಅವಕಾಶವು ಈಗ ಇದ್ದಂತೆ ಇನ್ನೆರಡು ವರ್ಷದ ಮೇಲೆ ಇರಲಾರದು. ಬಂಕುಗಳ ಹಳೆಯ ಪುಸ್ತಕಗಳು ಇನ್ನೂ ಕೈಗೆ ಸಿಗುತ್ತಿರುವಾಗಲೇ ಯಾರಾದರೂ ಒಬ್ಬ ಅಧಿಕಾರಿಯು ಅವನ್ನು ತರಿಸಿ ಮೊದಲನೆಯ ಹಾಳೆಯನ್ನು ಬರೆಯಲಿ.